ಹುಳ ಹಣ್ಣಾದ ದಿನ ರಾಜನ ಪಾರ್ಟು

ನಾನು ಸೊಸೆಗೆ ರಾಜನ ಪಾರ್ಟು ಬಿಟ್ಟುಕೊಟ್ಟೆ ಅಂತ ನಮ್ಮೂರಲ್ಲಿ ಈಗಲೂ ಹೇಳುತ್ತಾರೆ. ಅತ್ತೆ ಅಂದರೆ ಹಿಂಗಿರಬೇಕು ಅಂತ ಬೇರೆ ಸೇರಿಸುತ್ತಾರೆ. ಸುಳ್ಳು. ನಾನು ಹೆದರಿಕೊಂಡು ಮನೆಯಲ್ಲಿ ಉಳಿದೆ. ಹೆದರಿದೆ ಅನ್ನೋಕೆ ನಾಚಿಕೆಯಾಗಿ ರೇಷ್ಮೆ ಹುಳದ ಮೇಲೆ ನೆಪ ಹಾಕಿದೆ. ನಡೆದಿದ್ದು ಇಷ್ಟೇ. ಮಿಕ್ಕಿದ್ದು ಜನ ಕಟ್ಟಿಕೊಂಡಿದ್ದು.

ನಮ್ಮದು ಚನ್ನಪಟ್ಟಣ ತಾಲ್ಲೂಕು, ಹೊಂಗನೂರಿಂದ ಒಸಿ ಆಚೆಗೆ. ಮನೆಮನೆಯಲ್ಲೂ ರೇಷ್ಮೆ ಹುಳ. ಊರಲ್ಲಿ ಗಂಡಸರು ನಾಟಕ ಆಡೋದನ್ನ ನಾನು ಹುಟ್ಟಿದಾಗಿಂದ ನೋಡಿದೀನಿ. ನಮ್ಮ ಯಜಮಾನರು ಇದ್ದಾಗ ಅವರೂ ಸೇನಾಪತಿ ಪಾರ್ಟು ಮಾಡಿದ್ದರು. ನಾನು ಅವರ ಅಂಗಿಗೆ ಗುಂಡಿ ಹೊಲಿದುಕೊಟ್ಟು ಮುಂದೆ ಚಾಪೆ ಮೇಲೆ ಕೂತು ನೋಡಿದ್ದೆ. ಅವರು ಮಾತು ಮರೆತಾಗ ಅದು ನನ್ನ ಬಾಯಿಗೆ ಬರುತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕನಕಪುರದ ಕಡೆ ಹೆಂಗಸರೇ ಮೀಸೆ ಬರೆದುಕೊಂಡು, ಕತ್ತಿ ಹಿಡಿದು ನಾಟಕ ಆಡಿದ್ದನ್ನ ಎರಡು ವರ್ಷದ ಹಿಂದೆ ಯಾರೋ ಫೋನಲ್ಲಿ ತೋರಿಸಿದರು. ನಮ್ಮ ಮಹಿಳಾ ಸಂಘದ ಹೆಂಗಸರು ಸುಮ್ಮನಿರುತ್ತಾರಾ. ರಾಮನಗರದಿಂದ ಒಬ್ಬರು ನಾಟಕದ ಮೇಷ್ಟ್ರನ್ನ ಕರೆಸಿದರು. ಅವರು ತಾವೇ ಬರೆದ ಒಂದು ನಾಟಕ ತಂದರು. ಒಬ್ಬ ರಾಜ, ಅವನ ಮಗ ಕಳ್ಳತನ ಮಾಡಿ ಸಿಕ್ಕಿಬೀಳುತ್ತಾನೆ, ರಾಜನೇ ಅವನಿಗೆ ಶಿಕ್ಷೆ ಹೇಳಬೇಕು. ನಮ್ಮ ಕಡೆ ಜಾಸ್ತಿ ದುಡ್ಡು ಹಾಕಿದವರಿಗೆ ದೊಡ್ಡ ಪಾರ್ಟು ಕೊಡೋ ಪದ್ಧತಿ. ಈ ಮೇಷ್ಟ್ರು ಅದು ಬೇಡ ಅಂದರು. ಒಬ್ಬೊಬ್ಬರೇ ಹಾರ್ಮೋನಿಯಂ ಮುಂದೆ ನಿಂತು ಒಂದು ಮಾತು ಹೇಳಿ, ಗಂಟಲು ನೋಡಿ ಕೊಡ್ತೀನಿ ಅಂದರು.

ಅಂಗನವಾಡಿ ಜಗುಲಿಯಲ್ಲಿ ಸೇರಿದೆವು. ನನ್ನ ಸೊಸೆ ಬಿ.ಎ. ಓದಿದವಳು. ರಾಜನ ಪಾರ್ಟು ಕೇಳಿ ನಿಂತಳು. ಮಾತು ಸ್ಪಷ್ಟ, ಒಂದಕ್ಷರ ತಪ್ಪಲಿಲ್ಲ. ಗಂಟಲು ಮಾತ್ರ ತೆಳ್ಳಗೆ. ಮೇಷ್ಟ್ರು ತಲೆ ಆಡಿಸಿ ಏನೋ ಬರೆದುಕೊಂಡರು. ಆಮೇಲೆ ನನ್ನ ಕಡೆ ನೋಡಿದರು.

"ಅಜ್ಜಿ, ನಿಮಗೆ ದಾಸಿ ಪಾರ್ಟು ಐತೆ. ಎರಡೇ ಮಾತು."

"ನನಗೆ ರಾಜಂದು ಬೇಕು," ಅಂದೆ.

ಎಲ್ಲರೂ ಕಿಸಕ್ ಅಂದರು. ನಮ್ಮ ಎದುರುಮನೆಯವಳಿಗೆ ನನ್ನ ಚುಚ್ಚದಿದ್ದರೆ ಅನ್ನ ಇಳಿಯೋದಿಲ್ಲ. "ಯಾಕಕ್ಕ, ಮಂಡಿ ನೋವು ಅಂತ ಸಿಂಹಾಸನದ ಮೇಲೆ ಕೂತೇ ಇರಬೋದು ಅಂತ್ಲಾ?" ಅಂದಳು.

"ಹೂಂ ಕಣಮ್ಮಿ. ನೀನು ರಾಣಿಯಾಗು, ಕಾಲು ಒತ್ತುವೆಯಂತೆ," ಅಂದೆ.

ಮೇಷ್ಟ್ರು ನಗುತ್ತಾ ಒಂದು ಮಾತು ಹೇಳಿಕೊಟ್ಟರು. ಯಾರಲ್ಲಿ, ಆ ಅಪರಾಧಿಯನ್ನು ಎಳೆದು ತನ್ನಿ ಅಂತ. ನಾನು ಎದ್ದು ನಿಂತು ಹೇಳಿದೆ. ಒಳಗೆ ಮಲಗಿದ್ದ ಅಂಗನವಾಡಿ ಮಕ್ಕಳು ಎದ್ದು ಅತ್ತವು. ಮೇಷ್ಟ್ರು ಹಾರ್ಮೋನಿಯಂ ಮೇಲಿಂದ ಕೈ ತೆಗೆದರು.

"ಈ ಗಂಟಲು ಎಲ್ಲಿತ್ತಜ್ಜಿ ಇಷ್ಟು ದಿನ?"

"ಹೊಲದಲ್ಲಿ. ನಲವತ್ತು ವರ್ಷ ದನ ಕೂಗಿದೀನಿ."

ರಾಜನ ಪಾರ್ಟು ನನಗಾಯಿತು. ಎದುರುಮನೆಯವಳು ನಿಜವಾಗಲೂ ರಾಣಿಯಾದಳು. ಸೊಸೆಗೆ ಪುಸ್ತಕ ಹಿಡಿದು ಪರದೆ ಹಿಂದೆ ನಿಂತು, ಮರೆತವರಿಗೆ ಮಾತು ಎತ್ತಿಕೊಡೋ ಕೆಲಸ. ಮನೆವರೆಗೂ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಬಾಗಿಲ ಹತ್ತಿರ ನಿಂತು, "ಅತ್ತೆ, ನಿಮಗೆ ಓದೋಕೆ ಬರಲ್ಲ. ಹೆಂಗೆ ಕಲೀತೀರಿ?" ಅಂದಳು.

ನಾನು ಓದಿದ್ದು ಮೂರನೇ ಕ್ಲಾಸು. ಬಸ್ಸಿನ ಬೋರ್ಡು ಒಂದೊಂದೇ ಅಕ್ಷರ ಕೂಡಿಸಿ ಓದೋ ಹೊತ್ತಿಗೆ ಬಸ್ಸು ಹೋಗಿರುತ್ತದೆ. "ನೀನು ಓದು, ನಾನು ಕೇಳ್ಕೋತೀನಿ," ಅಂದೆ.

"ನಾನ್ಯಾಕೆ ಓದ್ಲಿ?"

ನಾನು ದನಕ್ಕೆ ಹುಲ್ಲು ಹಾಕೋಕೆ ಹೋದೆ. ಮಾರನೇ ದಿನ ಅವಳು ನನ್ನ ಮಾತನ್ನೆಲ್ಲ ತಾನೇ ಹೇಳಿ ಫೋನಿಗೆ ತುಂಬಿಕೊಟ್ಟಳು. ಯಾಕೆ ಮಾಡಿದಳೋ ಏನೋ. ಫೋನನ್ನ ಸೆರಗಿನ ತುದಿಗೆ ಕಟ್ಟಿಕೊಂಡು ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಾ ಕೇಳಿದೆ, ದನ ತೊಳೆಯುತ್ತಾ ಕೇಳಿದೆ.

ನಾಟಕ ಕಲಿಯೋಕೆ ನಮಗೆ ಹೊತ್ತು ಎಲ್ಲಿತ್ತು? ಹುಳ ಬೆಳೆಯುವಾಗ ನಡುವೆ ಅದಕ್ಕೆ ಜ್ವರ ಬರುತ್ತದೆ. ನಮ್ಮಲ್ಲಿ ಹಂಗೇ ಅನ್ನೋದು. ಪೊರೆ ಬಿಡೋ ಮುಂಚೆ ಒಂದು ದಿನ, ಒಂದೂವರೆ ದಿನ ತಿನ್ನದೆ ಅಲ್ಲಾಡದೆ ಬಿದ್ದಿರುತ್ತದೆ. ಆವಾಗ ಸೊಪ್ಪು ಹಾಕೋ ಹಂಗಿಲ್ಲ, ಮನೆಯವರಿಗೆ ಬಿಡುವು. ಅದಕ್ಕೆ ನಾವು ಹತ್ತು ಮನೆಯವರೂ ಮರಿ ಹುಳವನ್ನ ಒಂದೇ ದಿನ ತಂದೆವು. ಎಲ್ಲರ ಹುಳಕ್ಕೂ ಒಟ್ಟಿಗೆ ಜ್ವರ ಬರಲಿ, ಎಲ್ಲರಿಗೂ ಒಟ್ಟಿಗೆ ಬಿಡುವಾಗಲಿ ಅಂತ. ಹುಳಕ್ಕೆ ಜ್ವರ ಅಂತ ಫೋನು ಹೋದರೆ ಮೇಷ್ಟ್ರು ಹಾರ್ಮೋನಿಯಂ ಕಟ್ಟಿಕೊಂಡು ಬಸ್ಸು ಹತ್ತೋರು. ಹಿಂಗೆ ಮೂರು ಬೆಳೆಯ ಜ್ವರದಲ್ಲಿ ನಾಟಕ ಕಲಿತೆವು.

ಮೂರನೇ ಸೀನು ಮಾತ್ರ ನನಗೆ ದಕ್ಕಲಿಲ್ಲ. ರಾಜ ಮಗನಿಗೆ ಶಿಕ್ಷೆ ಹೇಳೋದು ಅಲ್ಲೇ. ಒಂದೂವರೆ ಪುಟದ ಮಾತು. "ನನ್ನ ರಕ್ತವೇ ನನ್ನ ಮುಂದೆ ಕೈಕಟ್ಟಿ ನಿಂತಿದೆ" ಅನ್ನೋವರೆಗೂ ಸರಾಗ. ಅಲ್ಲಿಂದಾಚೆ ಖಾಲಿ. ಒಂದು ಸಲ ಎಲ್ಲರ ಮುಂದೆ ಹಂಗೇ ನಿಂತುಬಿಟ್ಟೆ. ಸೊಸೆ ಹಿಂದಿನಿಂದ ಎರಡು ಸಲ ಎತ್ತಿಕೊಟ್ಟಳು, ಕಿವಿಗೇ ಬೀಳಲಿಲ್ಲ. "ಮಹಾರಾಜರಿಗೆ ಜ್ವರ ಬಂತು ಕಣ್ರಮ್ಮಿ," ಅಂದಳು ರಾಣಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ದಿನದಿಂದ ನನಗೆ ಕೂತಲ್ಲಿ ಕೂರೋಕಾಗಲಿಲ್ಲ. ಉಣ್ಣುವಾಗ ಅರ್ಧಕ್ಕೆ ಎದ್ದು ಹಿತ್ತಲಿಗೆ ಹೋಗಿ ಗೋಡೆಗೆ ಹೇಳಿ ಬರುತ್ತಿದ್ದೆ.

ನಾಟಕದ ದಿನ ಗೊತ್ತು ಮಾಡಿದವಳು ನಾನೇ. ಈ ಬೆಳೆ ಬುಧವಾರ, ಇಲ್ಲಾಂದರೆ ಗುರುವಾರ ಹಣ್ಣಾಗುತ್ತದೆ, ಹುಳ ತಿನ್ನೋದು ಬಿಟ್ಟು ಗೂಡಿಗೆ ತಯಾರಾಗುತ್ತವೆ, ಶನಿವಾರದ ಹೊತ್ತಿಗೆ ಹುಳವೆಲ್ಲ ಚಂದ್ರಿಕೆಯ ಬಿದಿರು ತಟ್ಟಿ ಮೇಲೆ ಗೂಡು ಕಟ್ಟುತ್ತಿರುತ್ತವೆ, ಯಾರಿಗೂ ಕೆಲಸ ಇರೋದಿಲ್ಲ ಅಂತ ಬೆರಳು ಮಡಿಸಿ ಹೇಳಿದೆ. ಮೇಷ್ಟ್ರು ಇನ್ನೊಂದು ವಾರ ಬಿಟ್ಟು ಇಟ್ಟುಕೊಳ್ಳೋಣ ಅಂದರು. ನಾನು ಬಿಡಲಿಲ್ಲ. ತಡ ಆದಷ್ಟೂ ಇನ್ನೆಷ್ಟು ಮರೆತುಹೋಗುತ್ತೋ ಅನ್ನೋ ತಳಮಳ ನನಗೆ.

ಆ ವಾರ ಮೋಡ ಮುಚ್ಚಿಕೊಂಡು ಥಂಡಿ ಬಿತ್ತು. ಥಂಡಿಗೆ ಹುಳ ನಿಧಾನ. ಬುಧವಾರ ಹಣ್ಣಾಗಲಿಲ್ಲ, ಗುರುವಾರ ಆಗಲಿಲ್ಲ, ಶುಕ್ರವಾರವೂ ಇಲ್ಲ. ಶನಿವಾರ ಬೆಳಿಗ್ಗೆ ಹುಳದ ಮನೆ ಬಾಗಿಲು ತೆಗೆದರೆ ಸೊಪ್ಪು ತಿನ್ನೋ ಸದ್ದು ಅರ್ಧಕ್ಕೆ ಇಳಿದಿತ್ತು. ಹುಳ ತಲೆ ಎತ್ತಿ ಆಡಿಸುತ್ತಿದ್ದವು, ಮೈ ಹಳದಿಯಾಗಿ ಬೆಳಕು ಹಾಯುತ್ತಿತ್ತು. ಸಂಜೆಯೊಳಗೆ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಕಡ್ಡಿಯಲ್ಲೇ ಗೂಡು ಕಟ್ಟಿ ಕೆಡುತ್ತವೆ.

ಎದುರುಮನೆಯವಳು ತಲೆ ಬಾಚದೆ ಓಡಿಬಂದಳು. "ಅಕ್ಕಾ, ನಿಮ್ಮನೇಲೂವಾ?"

"ಎಲ್ಲರೂ ಒಂದೇ ದಿನ ತಂದ್ಮೇಲೆ ಇನ್ನೇನಾಗ್ತದೆ?"

"ದಿನ ಇಟ್ಟಿದ್ದು ನೀನೇ ಕಣಕ್ಕ!"

"ಗೊತ್ತು, ಹೋಗು. ನಿಮ್ಮವ್ವನ ಮನೆಗೆ ಫೋನ್ ಮಾಡು."

ಎಲ್ಲರೂ ನೆಂಟರನ್ನ ಕರೆಸಿದರು. ಸ್ಕೂಲ್ ಮೈದಾನದಲ್ಲಿ ಸ್ಟೇಜು ಕಟ್ಟಿ ಆಗಿತ್ತು, ಡ್ರೆಸ್ಸಿನ ಪೆಟ್ಟಿಗೆ ಬಂದಿತ್ತು, ಈಗ ನಾಟಕ ನಿಲ್ಲಿಸೋ ಹಂಗಿರಲಿಲ್ಲ. ನಾಟಕ ಸಂಜೆ ಐದಕ್ಕೆ. ನನ್ನ ಸೊಸೆ ಹತ್ತು ಗಂಟೆಯೊಳಗೆ ಎಲ್ಲ ಏರ್ಪಾಡು ಮಾಡಿದ್ದಳು.

"ಅತ್ತೆ, ನಮ್ಮಕ್ಕ ಭಾವ ಅಕ್ಕೂರಿಂದ ಹೊರಟವ್ರೆ. ಅವರು, ನಿಮ್ಮ ಮಗ, ಮೂರು ಜನ ಆಗ್ತಾರೆ. ನೀವು ಮೂರು ಗಂಟೆಗೆ ಹೋಗಿ ಬಣ್ಣ ಹಚ್ಚಿಸ್ಕೊಳ್ಳಿ. ನಾನು ನಾಲ್ಕೂವರೆಗೆ ಪುಸ್ತಕ ಹಿಡ್ಕೊಂಡು ಬತ್ತೀನಿ."

ನನಗೆ ಹೋಗದೆ ಇರೋಕೆ ಏನೂ ಕಾರಣ ಇರಲಿಲ್ಲ. ಎರಡೂವರೆಗೆ ಹುಳದ ಮನೆ ಹಿಂದೆ ಹೋಗಿ ಮೂರನೇ ಸೀನು ಹೇಳಿಕೊಂಡೆ. ನಿಂತಿತು. ಇನ್ನೊಂದು ಸಲ ಹೇಳಿದೆ. ಅಲ್ಲೇ ನಿಂತಿತು. ಮೂರನೇ ಸಲ ಮೊದಲನೇ ಮಾತೇ ಬರಲಿಲ್ಲ. ಮೈದಾನದಲ್ಲಿ ಮೈಕಿನವನು ಹಲೋ ಹಲೋ ಅನ್ನುತ್ತಿದ್ದ. ಒಳಗೆ ಬಂದೆ.

"ನಾನು ಹೋಗಲ್ಲ. ನೀನು ಹೋಗು. ರಾಜನ ಮಾತೆಲ್ಲ ನಿನಗೆ ಬತ್ತದಲ್ಲ."

ಸೊಸೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಯಾಕತ್ತೆ?"

"ಹುಳ ಹಾಳಾಗ್ತವೆ. ನಿಮ್ಮಕ್ಕಂಗೆ ಹಣ್ಣು ಹುಳ ಯಾವ್ದು, ಕಾಯಿ ಹುಳ ಯಾವ್ದು ಗೊತ್ತಾಗಕಿಲ್ಲ."

"ನಮ್ಮಕ್ಕ ಹದಿನೈದು ವರ್ಷದಿಂದ ಹುಳ ಸಾಕ್ತಾವ್ಳೆ."

"ಸಾಕ್ಲಿ. ನಮ್ಮನೆ ಹುಳ ನಾನು ನೋಡ್ಕೋಬೇಕು."

ಅವಳು ತಟ್ಟೆಯನ್ನ ತನ್ನ ಅಕ್ಕನ ಮುಂದೆ ಸರಿಸಿದಳು. ಆಮೇಲೆ ಕೈ ತೊಳೆದುಕೊಂಡು ಹೊರಟಳು. ಬೇಡ ಅತ್ತೆ, ನೀವೇ ಹೋಗಿ ಅಂತ ಒಂದು ಸಲವಾದರೂ ಹೇಳುತ್ತಾಳೆ ಅಂದುಕೊಂಡಿದ್ದೆ. ಹೇಳಲಿಲ್ಲ. ಅವಳಿಗೂ ಬೇಕಿತ್ತು.

ಹುಳ ಆರಿಸೋಕೆ ಕೂತೆ. ಕೂರೋಕಾಗಲಿಲ್ಲ. ನೀರು ಕುಡಿಯೋಕೆ ಎದ್ದೆ, ಬಾಗಿಲು ನೋಡೋಕೆ ಎದ್ದೆ, ಹಸು ಕೂಗಿತು ಅಂತ ಎದ್ದೆ. ಸೊಸೆಯ ಅಕ್ಕ ಎರಡು ಚಂದ್ರಿಕೆ ತುಂಬೋ ಹೊತ್ತಿಗೆ ನನ್ನದು ಅರ್ಧ. ನನ್ನ ಮಗ ನೋಡಿ ನೋಡಿ, "ಅವ್ವ, ಹುಳ ನೋಡ್ಕೋತೀನಿ ಅಂತ ಉಳ್ಕೊಂಡ್ಬುಟ್ಟು ಬಾಗಿಲು ನೋಡ್ತಾ ಇದೀಯಲ್ಲ. ಒಂದ್ಕಡೆ ಕೂತ್ಕೊ," ಅಂದ.

ಐದೂಕಾಲಕ್ಕೆ ನಾಟಕ ಶುರುವಾಯಿತು. ಮೈಕಿನ ಸದ್ದು ನೇರ ಹುಳದ ಮನೆಗೇ ಬರುತ್ತಿತ್ತು. ಮೊದಲನೇ ಸೀನಲ್ಲಿ ಸೊಸೆಯ ಗಂಟಲು ನಡುಗಿತು. ನನಗೆ ಸಮಾಧಾನವಾಯಿತು. ಆಗಿದ್ದನ್ನ ಆಯಿತು ಅನ್ನಲೇಬೇಕು. ಎರಡನೇ ಸೀನಿಗೆ ನಡುಕ ಹೋಯಿತು. ಮೂರನೇ ಸೀನು ಬಂತು. ನನ್ನ ಕೈ ಹುಳದಲ್ಲೇ ಇತ್ತು, ಬಾಯಿ ತಾನಾಗಿ ಶುರು ಮಾಡಿತು. ನನ್ನ ರಕ್ತವೇ ನನ್ನ ಮುಂದೆ ಕೈಕಟ್ಟಿ ನಿಂತಿದೆ ಅನ್ನೋದು ಬಂತು. ಮುಂದಿನ ಮಾತೂ ಬಂತು. ಅದರ ಮುಂದಿನದೂ. ಮೈಕಿಗಿಂತ ನಾನೇ ಮುಂದೆ ಹೋದೆ. ಒಂದೂವರೆ ಪುಟ, ಕೊನೆವರೆಗೂ, ಒಂದಕ್ಷರ ಬಿಡದೆ ಹೇಳಿದೆ.

ಸೊಸೆಯ ಅಕ್ಕ ಬಾಯಿ ತೆರೆದು ನೋಡುತ್ತಿದ್ದಳು. "ಅತ್ತೆ, ನಿಮಗೆ ಪೂರ್ತಿ ಬತ್ತದಲ್ಲ!"

"ಬಾಯಿ ಮುಚ್ಕೊಂಡು ಹುಳ ಆರ್ಸು," ಅಂದೆ.

ಅವಳ ಮೇಲೆ ಯಾಕೆ ರೇಗಿದೆನೋ. ಮೈಕಿನಲ್ಲಿ ಸೊಸೆ ಇನ್ನೂ ಹೇಳುತ್ತಿದ್ದಳು. ನಾನಾಗಿದ್ದರೆ ಕಿರುಚುತ್ತಿದ್ದೆ. ಅವಳು ಕಿರುಚಲಿಲ್ಲ. ಆ ಮಗ ಒಬ್ಬನಿಗೇ ಕೇಳಿಸಿದರೆ ಸಾಕು ಅನ್ನೋ ಹಂಗೆ ಮೆಲ್ಲಗೆ ಹೇಳಿದಳು. ಮೈದಾನದಲ್ಲಿ ಕೂಸುಗಳ ಗಲಾಟೆ ಕೂಡ ನಿಂತುಹೋಗಿತ್ತು. ಆಮೇಲೆ ಚಪ್ಪಾಳೆ. ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ ಅನ್ನೋಕೆ ನನಗೆ ಆಸೆ, ಆದರೆ ಚೆನ್ನಾಗಿತ್ತು.

ನಾಟಕ ಮುಗಿದ ಮೇಲೆ ಹೆಂಗಸರು ಮನೆಗೇ ಬಂದರು. ಬಣ್ಣದ ಮುಖದಲ್ಲೇ ಎದುರುಮನೆಯವಳು ನನ್ನ ಕೈ ಹಿಡಿದು, "ನಿನ್ನಂಥ ಅತ್ತೆ ನನಗೆ ಸಿಗ್ಲಿಲ್ಲವಲ್ಲಕ್ಕ," ಅಂದಳು. ಮೊದಲ ಸಲ ಚುಚ್ಚದೆ ಆಡಿದ ಮಾತು. ಹಂಗಲ್ಲ ಕಣಮ್ಮಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಸೊಸೆ ಗೋಡೆಗೊರಗಿ ಮೀಸೆ ಕೀಳುತ್ತಾ ನಿಂತಿದ್ದಳು.

ಭಾನುವಾರ ಬೆಳಿಗ್ಗೆ ಎದ್ದವಳೇ ಅಡುಗೆಮನೆಗೆ ಹೋದೆ. ಸೊಸೆ ಕಿವಿ ಹಿಂದಿನ ಬಣ್ಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದಳು.

"ನಾನು ಹುಳಕ್ಕೋಸ್ಕರ ಉಳ್ಕೊಂಡಿದ್ದಲ್ಲ. ಹೆದರ್ಕೊಂಡೆ."

"ಗೊತ್ತು."

"ಗೊತ್ತಿದ್ರೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ರೋಷಕ್ಕೆ ಹೊರಟ್ಬುಡ್ತಿದ್ರಿ," ಅಂದಳು.

ನನಗೆ ನಗು ಬಂತು, ಸಿಟ್ಟೂ ಬಂತು. "ಮುಂದಿನ ತಿಂಗಳು ತಮ್ಮೂರಲ್ಲೂ ಆಡಿ ಅಂತ ಕನಕಪುರದ ಹೆಂಗಸರು ಕರೆದವ್ರಲ್ಲ, ಅದಕ್ಕೆ ಹೊಸದಾಗಿ ಪರೀಕ್ಷೆ ಮಾಡಿ ಅಂತ ಮೇಷ್ಟ್ರನ್ನ ಕೇಳ್ತೀನಿ. ಇಬ್ಬರೂ ನಿಂತ್ಕಳನ. ಮೂರನೇ ಸೀನು ಪೂರ್ತಿ."

"ಸೋಲ್ತೀರಿ ಅತ್ತೆ."

"ಸೋತ್ರೆ ಸೋತೆ."

ಹಾಲು ಹಾಕೋಕೆ ಡೈರಿಗೆ ಹೋದಾಗ ಕ್ಯೂನಲ್ಲಿ ನಿಂತಿದ್ದವರಿಗೂ ಹೇಳಿದೆ. ಪಾರ್ಟು ಬಿಟ್ಟುಕೊಟ್ಟಿದ್ದಲ್ಲ ಕಣ್ರೇ, ಹೆದರಿ ಬಿಟ್ಟಿದ್ದು ಅಂತ. ಯಾರೂ ನಂಬಲಿಲ್ಲ. ದೊಡ್ಡತನಕ್ಕೆ ಹಂಗಂತಾಳೆ ಅಂದರು. ಇನ್ನೊಂದು ಸಲ ಹೇಳೋಕೆ ಹೋಗಲಿಲ್ಲ. ಕ್ಯಾನು ಮನೇಲಿಟ್ಟು, ಸೀರೆ ಬದಲಾಯಿಸಿ, ಎಂಟು ಗಂಟೆ ಬಸ್ಸು ಹತ್ತಿದೆ. ಚನ್ನಪಟ್ಟಣದಲ್ಲಿ ಇಳಿದು ರಾಮನಗರದ ಬಸ್ಸು ಹಿಡಿದೆ. ಸೀಟು ಸಿಗಲಿಲ್ಲ, ಸಿಕ್ಕಿದ್ದರೂ ಕೂರುತ್ತಿರಲಿಲ್ಲ.

ಮೇಷ್ಟ್ರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಾಗಿಲು ತೆಗೆದರು. "ಏನಜ್ಜಿ ಇಷ್ಟೊತ್ಗೆ? ಹುಳ ಏನಾದ್ವು?"

"ಗೂಡು ಕಟ್ತಾವೆ. ಕನಕಪುರದ ಮಾತಾಡಣ ಬನ್ನಿ," ಅಂದೆ. ಅವರು ಒಳಕ್ಕೆ ಕರೆಯೋ ಮುಂಚೆಯೇ ಚಪ್ಪಲಿ ಬಿಟ್ಟು ಒಳಗೆ ಹೋದೆ.