ಪಿಯಾನೋದ ಹೊಟ್ಟೆ ನೋಡಲು ಹೋದದ್ದು

ನಮ್ಮ ಯಜಮಾನರು ಚನ್ನಯ್ಯನವರಿಗೆ ಯಾವ ಸಾಮಾನು ಕೈಗೆ ಬಂದರೂ ಮೊದಲು ತಿರುಗಿಸಿ ತಳ ನೋಡುವ ಅಭ್ಯಾಸ. ದೊಡ್ಡಮಳೂರಿನ ನಮ್ಮ ತೌರಿಗೆ ನನ್ನನ್ನು ನೋಡಲು ಬಂದ ದಿನ ಪಾನಕ ಕುಡಿದು ಮುಗಿಸಿ ಲೋಟವನ್ನೂ ತಲೆಕೆಳಗು ಮಾಡಿ ನೋಡಿದರು. ಲೋಟ ಸೋರುತ್ತದೇನೋ ಎಂದು ನಮ್ಮವ್ವ ಬೇರೊಂದು ತರಲು ಒಳಗೆ ಓಡಿದಳು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರೆಲ್ಲ ಹೀಗೇ ಎಂದು ಆಮೇಲೆ ತಿಳಿಯಿತು.

ಇವರು ಹುಡುಗನಾಗಿದ್ದಾಗಿನಿಂದ ಮಾಡಿದ್ದು ಗಿಲಕಿ. ಲೇತಿಗೆ ಕೊಟ್ಟು ಹಾಲೆ ಮರ ಕಡೆಯುವುದು, ಅರಗಿನ ಬಣ್ಣ ಹತ್ತಿಸುವುದು, ಮತ್ತೆ ಗಿಲಕಿ. ತಮ್ಮದೇ ಅಂತ ಒಂದು ಬೊಂಬೆ ಮಾಡಬೇಕು ಎನ್ನುವುದು ಒಂದೇ ಆಸೆ. ಎಪ್ಪತ್ತಾರನೇ ಇಸವಿಯಲ್ಲಿ ಮಕ್ಕಳಾಡುವ ಪುಟ್ಟ ಪಿಯಾನೋ ಮಾಡಿದರು. ಪಟ್ಟಿ ಒತ್ತಿದರೆ ಒಳಗಿನ ಸುತ್ತಿಗೆ ಎದ್ದು ತಗಡಿಗೆ ಹೊಡೆಯಬೇಕು, ಬೆರಳು ತೆಗೆದರೆ ಹಿಂದಕ್ಕೆ ಬೀಳಬೇಕು. ಹಿಂದಕ್ಕೆ ಎಳೆಯಲು ಸೈಕಲ್ ಟ್ಯೂಬಿನ ರಬ್ಬರು ಕಟ್ಟಿದ್ದರು. ರಬ್ಬರು ಸಡಿಲವಾದ ಮೇಲೆ ಎಲ್ಲವೂ ಅಂಗಡಿಯಿಂದ ವಾಪಸು ಬಂದವು.

ಬೊಂಬೆ ಕೊಳ್ಳುತ್ತಿದ್ದ ಗೌಸ್ ಸಾಬರು ಮನೆಗೇ ಬಂದು, "ಒತ್ತಿದ್ ಪಟ್ಟಿ ಒತ್ತಿದಂಗೇ ಮಲಗ್ಬುಡ್ತವಲ್ಲಪ್ಪ ಚನ್ನಯ್ಯ. ಇದನ್ನ ಬುಟ್ಬುಡು. ನಿನ್ ಗಿಲಕಿ ಚೆನ್ನಾಗೈತೆ," ಎಂದರು.

"ನಿಜವಾದ್ದು ಒಂದ್ಸಾರಿ ನೋಡುದ್ರೆ ಗೊತ್ತಾಯ್ತದೆ ಸಾಬ್ರೆ. ಅದ್ರ ಹೊಟ್ಟೇಲಿ ಏನೈತೋ," ಎಂದರು ಇವರು.

ಗೌಸ್ ಸಾಬರು ಒಳ್ಳೆಯವರು. ಬೆಂಗಳೂರಿನ ಯಾವುದೋ ಗಿರಾಕಿಯಿಂದ ಪಿಯಾನೋ ಕಚೇರಿಗೆ ಎರಡು ಪಾಸು ತಂದುಕೊಟ್ಟರು. "ಇದೇ ಕೊನೆ. ಆಗ್ಲಿಲ್ಲ ಅಂದ್ರೆ ಗಿಲಕಿ," ಎಂದು ಹೇಳಿಯೇ ಕೊಟ್ಟರು.

ಭಾನುವಾರ ರೈಲಿನಲ್ಲಿ ಹೋದೆವು. ಒಂದು ಪಾಸು ಕೆಳಗೆ ಮುಂದಿನ ಸಾಲಿಗೆ, ಇನ್ನೊಂದು ಮೇಲಿನ ಬಾಲ್ಕನಿಗೆ. ಹತ್ತಿರದಿಂದ ಕಾಣುತ್ತದೆಂದು ಇವರು ಕೆಳಗಿನದನ್ನು ಇಟ್ಟುಕೊಂಡು ನನ್ನನ್ನು ಮೆಟ್ಟಿಲು ಹತ್ತಿಸಿದರು.

ಕೋಟು ತೊಟ್ಟ ಬಿಳಿಗೂದಲಿನ ಒಬ್ಬರು ಬಂದು ಬಗ್ಗಿ ನಮಸ್ಕಾರ ಮಾಡಿ ಕುಳಿತರು. ಹಾಡುವವರಿಲ್ಲ, ಮೃದಂಗವಿಲ್ಲ. ತೊಡೆಯ ಮೇಲೆ ತಾಳ ಹಾಕೋಣವೆಂದರೆ ಅದು ಕೈಗೆ ಸಿಗುವುದರೊಳಗೆ ಬೇರೆಯಾಗುತ್ತಿತ್ತು. ಒಂದು ಸಲ ಕೆಮ್ಮಿದ್ದಕ್ಕೆ ಪಕ್ಕದ ಹೆಂಗಸು ತಿರುಗಿ ನೋಡಿದಳು.

ಮೇಲಿನಿಂದ ನಮ್ಮವರು ಕಾಣುತ್ತಿದ್ದರು. ವೇದಿಕೆ ಎತ್ತರ, ಇವರು ತಗ್ಗಿನಲ್ಲಿ. ಕತ್ತು ನೀಳ ಮಾಡುತ್ತಾರೆ, ಅರ್ಧ ಏಳುತ್ತಾರೆ, ಹಿಂದಿನವನು ಹೆಗಲು ಹಿಡಿದು ಕೂರಿಸುತ್ತಾನೆ. ಮತ್ತೆ ಏಳುತ್ತಾರೆ. ನೋಡಲಾರದೆ ನಾನು ಪಿಯಾನೋದೊಳಕ್ಕೇ ಕಣ್ಣು ಹಾಕಿದೆ. ಅದರ ಮುಚ್ಚಳ ತೆರೆದಿತ್ತು. ತಂತಿಗಳ ಮೇಲೆ ಕರಿ ತುಂಡುಗಳ ಸಾಲು. ಅವರು ಒತ್ತಿದಲ್ಲಿ ತುಂಡು ಏಳುತ್ತಿತ್ತು, ಬೆರಳು ತೆಗೆದರೆ ಕೂರುತ್ತಿತ್ತು.

ನಡುವೆ ಬಿಡುವು ಕೊಟ್ಟರು. ಜನ ಕಾಫಿಗೆ ಎದ್ದರೆ ಇವರು ವೇದಿಕೆ ಹತ್ತಿ, ಪಂಚೆ ಎತ್ತಿ ಕಟ್ಟಿ, ಪಿಯಾನೋದ ಕೆಳಗೆ ನುಸುಳಿ ಅಂಗಾತ ಮಲಗಿದರು. ತಳ ನೋಡಬೇಕಲ್ಲ. ಇಬ್ಬರು ಬಂದು ಕಾಲು ಹಿಡಿದು ಈಚೆಗೆ ಎಳೆದರು. ಉಳಿದ ಕಚೇರಿಯಲ್ಲಿ ಇವರು ತಲೆ ಎತ್ತಲಿಲ್ಲ.

ಹೊರಗೆ ಬಂದವರೇ, "ಬರೀ ತೊಲೆ ಕಣಮ್ಮಿ ಕೆಳ್ಗೆ. ಏನೂ ಕಾಣ್ಲಿಲ್ಲ. ಇನ್ ಗಿಲಕೀನೇ ಗತಿ," ಎಂದರು.

"ಮೇಲಿಂದ ಕಾಣ್ತಿತ್ತಲ್ಲ. ಎದ್ದೆದ್ದು ಬೀಳ್ತಿದ್ವು."

ನಡುರಸ್ತೆಯಲ್ಲೇ ನಿಂತುಬಿಟ್ಟರು. "ಏನು ಎದ್ದೆದ್ದು ಬೀಳ್ತಿತ್ತು?"

ರೈಲಿನಲ್ಲಿ ಬಿಡದಿ ದಾಟುವವರೆಗೂ ಅದೇ. ನನ್ನ ಬುತ್ತಿ ಡಬ್ಬದ ಮೇಲೆ ಬೆರಳು ಎತ್ತಿ ಇಳಿಸಿ ತೋರಿಸು ಎಂದರು.

"ಯಾವ್ದಾದ್ರೂ ಎಳೀತಿತ್ತಾ? ದಾರ? ಸ್ಪ್ರಿಂಗು?"

"ನಂಗೊಂದೂ ಕಾಣ್ಲಿಲ್ಲ. ಅವ್ರು ಕೈ ತೆಗುದ್ರೆ ಅವೇ ಕೂತ್ಕತಿದ್ವು."

"ಭಾರಕ್ಕಾ?"

"ಭಾರ್ವೋ ಹಗುರ್ವೋ, ನಾನೇನ್ ಎತ್ತಿ ನೋಡುದ್ನಾ?"

"ಸರ್ಯಾಗಿ ನೋಡ್ಬಾರ್ದಾಗಿತ್ತಾ?"

"ನಿಮ್ಮನ್ನ ನೋಡಿ ನೋಡಿ ನಾಚ್ಕೆ ಆಗಿ ಅತ್ಲಾಗೆ ನೋಡ್ದೆ. ಇಲ್ದಿದ್ರೆ ಅದೂ ಇಲ್ಲ."

ಎದುರು ಕುಳಿತಿದ್ದ ರೇಷ್ಮೆಗೂಡಿನ ವ್ಯಾಪಾರಿ ನಕ್ಕುಬಿಟ್ಟ. ಕಚೇರಿ ಹೇಗಿತ್ತು, ನಿನಗೆ ಹಿಡಿಸಿತೇ ಎಂದು ಇವರು ಒಂದು ಮಾತು ಕೇಳಲಿಲ್ಲ.

ಮಾರನೆಯ ದಿನ, ಎಳೆಯುವುದೇ ಬೇಡ, ತನ್ನ ಭಾರಕ್ಕೆ ತಾನೇ ಬೀಳಲಿ ಎಂದು ರಬ್ಬರು ಕಿತ್ತುಹಾಕಿದರು. ಪಟ್ಟಿಯ ಹಿಂದಿನ ತುದಿಗೆ, ಸುತ್ತಿಗೆಯ ಬುಡದಲ್ಲಿ, ದಪ್ಪನೆಯ ಮರದ ಗುಂಡು ಕೂರಿಸಿದರು. ಮೊದಲು ಗುಂಡು ಹಗುರವಾಗಿ ಪಟ್ಟಿ ಅರ್ಧದಲ್ಲೇ ನಿಂತಿತು. ಆಮೇಲೆ ಭಾರವಾಗಿ ಮಕ್ಕಳ ಬೆರಳಿಗೆ ಒತ್ತಲಾಗಲಿಲ್ಲ. ಪ್ರತಿ ಸಲವೂ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿ, "ಹಿಂಗಾ ಬೀಳ್ತಿತ್ತು?" ಎಂದು ಕೇಳುವರು. "ಇಲ್ಲ, ಇನ್ನೊಸಿ ಮೆತ್ತಗೆ," ಎನ್ನುತ್ತಿದ್ದೆ. ಮುದ್ದೆ ಎರಡು ಸಲ ತಳ ಹಿಡಿಯಿತು. ಕೊನೆಗೊಂದು ದಿನ ಹಾಗೆಯೇ ಬಿದ್ದಿತು. ಹೌದು ಎಂದೆ.

ಗೌಸ್ ಸಾಬರು ಬಂದು ಎಲ್ಲ ಪಟ್ಟಿಗಳನ್ನೂ ಒತ್ತಿ ಒತ್ತಿ ನೋಡಿದರು. ಒಂದೂ ಮಲಗಲಿಲ್ಲ. ಆವತ್ತಿನಿಂದ ನಮ್ಮ ಮನೆಯಲ್ಲಿ ಗಿಲಕಿ ಮಾಡುವುದು ನಿಂತಿತು. ಸಾಬರು ಬೀದಿಯವರಿಗೆಲ್ಲ, "ಚನ್ನಯ್ಯ ಬೆಂಗಳೂರ್ಗೋಗಿ ಕಣ್ಣಾರೆ ನೋಡ್ಕೊಂಡ್ ಬಂದು ಮಾಡವ್ನೆ," ಎಂದು ಹೇಳುತ್ತಿದ್ದರು. ಇವರು ತಲೆದೂಗುತ್ತಿದ್ದರು. ಇವರು ತೀರಿಕೊಳ್ಳುವವರೆಗೂ ಅದೇ ಮಾತು ನಡೆಯಿತು.

ಒಂದು ದಿನ ತಡೆಯಲಾರದೆ, "ನೋಡಿದ್ದು ನಾನಲ್ವಾ?" ಎಂದು ಕೇಳಿಯೇ ಬಿಟ್ಟೆ.

"ಇಬ್ರೂ ಹೋಗಿದ್ವಲ್ಲಮ್ಮಿ," ಎಂದು ಲೇತಿನ ಕಡೆ ತಿರುಗಿಕೊಂಡರು.