ಹೊಲವಿಲ್ಲದವರ ಮನೆಯ ಹ್ಯಾಂಡಲ್

ಲಾಲಬಿ ಮೊದಲು ಬಳೆ ತೆಗೆಯುತ್ತಾರೆ. ಒಂದೊಂದನ್ನೇ ಬಿಡಿಸಿ ಸೆರಗಿನ ತುದಿಗೆ ಗಂಟು ಹಾಕಿ, ಆ ಗಂಟನ್ನು ಸೊಂಟಕ್ಕೆ ಸಿಗಿಸಿಕೊಳ್ಳುತ್ತಾರೆ. ಆಮೇಲೆ ಗೋಣಿಚೀಲವನ್ನು ಕಾಲುವೆಯ ಕಲ್ಲುಕಟ್ಟೆಯ ಮೇಲೆ ಸುರಿಯುತ್ತಾರೆ. ಕಬ್ಬಿಣ ಬಿದ್ದ ಸದ್ದಿಗೆ ಕರೆಂಟಿನ ತಂತಿಯ ಮೇಲಿದ್ದ ಕಾಗೆಗಳು ಏಳುತ್ತವೆ. ಮೂಡಣ ಇನ್ನೂ ಬೂದಿಯ ಬಣ್ಣದಲ್ಲಿದೆ. ಈಚೆ ದಂಡೆಯಲ್ಲಿ ಮೇಲಿನೂರಿನ ಜನ, ಆಚೆ ದಂಡೆಯಲ್ಲಿ ತುದಿಯೂರಿನ ಜನ, ನಡುವೆ ನೀರು. 

ಮುಂಡರಗಿ ತಾಲೂಕಿನ ಈ ಸಣ್ಣ ಕಾಲುವೆ ಇಲ್ಲಿಗೆ ಬಂದು ಎರಡಾಗಿ ಒಡೆಯುತ್ತದೆ. ಒಂದು ಗೇಟು ಮೇಲಿನೂರಿನ ಹೊಲಗಳಿಗೆ, ಇನ್ನೊಂದು ತುದಿಯೂರಿನ ಹೊಲಗಳಿಗೆ. ಊರುಗಳ ಹೆಸರು ಬರೆಯಬೇಡಿ ಎಂದು ಎರಡೂ ಕಡೆಯವರು ಕೇಳಿಕೊಂಡಿದ್ದಾರೆ. ಈ ವರ್ಷ ಅವರು ಒಮ್ಮತಕ್ಕೆ ಬಂದದ್ದು ಆ ಒಂದು ಮಾತಿಗೆ ಮಾತ್ರ. ಎರಡಕ್ಕೂ ಒಟ್ಟಿಗೆ ಸಾಲುವಷ್ಟು ನೀರು ಕಾಲುವೆಯಲ್ಲಿಲ್ಲ, ಹಾಗಾಗಿ ಪಾಳಿ. ಇವತ್ತು ಮೇಲಿನೂರಿನ ಪಾಳಿ ಮುಗಿಯುತ್ತದೆ, ತುದಿಯೂರಿನದು ಶುರುವಾಗುತ್ತದೆ. ಒಂದು ಗೇಟು ಇಳಿಯಬೇಕು, ಇನ್ನೊಂದು ಏರಬೇಕು. ಮೋಟರಿಲ್ಲ. ಗೇಟಿನ ಮೇಲಿರುವ ಹಲ್ಲಿನ ಗಾಲಿಯಿಂದ ಹೊರಚಾಚಿದ ಚೌಕ ತುದಿಗೆ ಹ್ಯಾಂಡಲ್ ಸಿಕ್ಕಿಸಿ ಕೈಯಲ್ಲೇ ತಿರುವಬೇಕು. ಆ ಹ್ಯಾಂಡಲ್ ಇರುವುದು ಲಾಲಬಿಯ ಮನೆಯ ಗೋಡೆಯ ಮೊಳೆಯಲ್ಲಿ ಮಾತ್ರ.

ಅದಕ್ಕೊಂದು ಕಾರಣವಿದೆ. ಕಾಲುವೆಗೆ ನೀರು ಬಂದ ಮೊದಲ ವರ್ಷ ಇದೇ ಕಟ್ಟೆಯ ಮೇಲೆ ಬಡಿದಾಟವಾಗಿ, ಗೇಟಿನ ಜೊತೆಗೆ ಬಂದ ಹ್ಯಾಂಡಲ್ ನೀರಿಗೆ ಬಿತ್ತು. ಆಮೇಲೆ ಯಾರು ಬೇಕಾದರೂ ಪೈಪು, ನಟ್ಟು ಬಿಗಿಯುವ ಪಾನಾ, ಕೈಗೆ ಸಿಕ್ಕಿದ್ದನ್ನು ತಂದು ತಿರುವತೊಡಗಿದರು. ತುದಿಯೂರಿನ ಗೇಟಿನ ಚೌಕ ತುದಿ ಸವೆದು ಹೋದದ್ದು ಆಗಲೇ. ಕೊನೆಗೆ ಎರಡೂ ಊರಿನ ಹಿರಿಯರು ಕೂತು ಒಂದು ಕರಾರು ಮಾಡಿಕೊಂಡರು: ಈ ಕಾಲುವೆಯ ಕೆಳಗೆ ಒಂದು ಗೇಣು ಹೊಲವೂ ಇಲ್ಲದ ಮನೆಯಲ್ಲಿ ಹ್ಯಾಂಡಲ್ ಇರಬೇಕು, ಆ ಮನೆಯವರೇ ತಿರುವಬೇಕು. ಹೊಲ ಬಂದ ದಿನ ಹ್ಯಾಂಡಲ್ ಬಿಡಬೇಕು.

ಮೇಲಿನೂರಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಮಕ್ತುಮಸಾಬರಿಗೆ ಹೊಲವಿರಲಿಲ್ಲ. ಅವರ ಹೆಂಡತಿ ಲಾಲಬಿಯ ತವರು ತುದಿಯೂರು. ಲಾಲಬಿ ಈ ಊರಿಗೆ ಸೊಸೆ, ಆ ಊರಿಗೆ ಮಗಳು. ಎರಡೂ ಕಡೆಯ ಅನುಮಾನ ಸರಿಸಮವಾಗಿದ್ದುದರಿಂದ ಹ್ಯಾಂಡಲ್ ಅವರ ಮನೆಗೆ ಬಂತು. ಕೆಲವು ವರ್ಷ ಮಕ್ತುಮಸಾಬರೇ ತಿರುವಿದರು. ಒಂದು ಬೆಳಗ್ಗೆ ಗಾಲಿಯನ್ನು ತಡೆಯುವ ಕಬ್ಬಿಣದ ತುಂಡು ಜಾರಿತು, ಏರುತ್ತಿದ್ದ ಗೇಟು ತನ್ನ ಭಾರಕ್ಕೆ ತಾನೇ ಇಳಿಯಿತು, ಹ್ಯಾಂಡಲ್ ಹಿಂದಕ್ಕೆ ಸುತ್ತಿ ಅವರ ಬಲಗೈ ಮುರಿಯಿತು. ಎಲುಬು ಕೂಡಿಕೊಂಡಿತು, ಶಕ್ತಿ ಮರಳಲಿಲ್ಲ. ಮುಂದಿನ ಪಾಳಿಯ ದಿನ ಲಾಲಬಿ ಬಳೆ ತೆಗೆದರು.

“ಹೆಬ್ಬಟ್ಟು ಸುತ್ತಬಾರ್ದರಿ,” ಎಂದು ಅವರು ಹ್ಯಾಂಡಲ್ ಹಿಡಿದು ತೋರಿಸುತ್ತಾರೆ. ಐದೂ ಬೆರಳು ಒಂದೇ ಕಡೆ ಇವೆ. “ಅದು ತಿರುಗಿ ಒದ್ದರ ಕೈ ಬಿಟ್ಟು ಹೋಗಬೇಕು. ಕೈ ತಗೊಂಡು ಹೋಗಬಾರ್ದು.”

ಸವೆದ ಚೌಕಕ್ಕೆ ಯಾವ ಹ್ಯಾಂಡಲ್ಲೂ ಬಹಳ ದಿನ ಕೂರುವುದಿಲ್ಲ. ಹಾಗಾಗಿ ಲಾಲಬಿ ಹ್ಯಾಂಡಲ್ ಕೂಡಿಡುತ್ತಾರೆ. ಬೆಟಗೇರಿಯ ಗುಜರಿ ಅಂಗಡಿಗಳಲ್ಲಿ ತುಕ್ಕಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹುಡುಕುತ್ತಾರೆ. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬರು ಕಾಳು ತೂರುವ ಹಳೇ ಯಂತ್ರದ್ದನ್ನು ಕೊಟ್ಟಿದ್ದಾರೆ. ಶಿರಹಟ್ಟಿಯ ಬಾವಿಯೊಂದರ ಪಕ್ಕ ಅನಾಥವಾಗಿ ಬಿದ್ದಿದ್ದ ಎಂಜಿನ್ನಿನ ಹ್ಯಾಂಡಲ್ಲನ್ನು ಇವರೇ ಕೇಳಿ ತಂದಿದ್ದಾರೆ. ಗದಗಿನಿಂದ ಬರುವಾಗ ಬಸ್ಸಿನ ಕಂಡಕ್ಟರ್ ಚೀಲವನ್ನು ಕಾಲಲ್ಲಿ ನೂಕಿ ನೋಡಿ, ಯಾವ ಬಸ್ಸು ಬಿಚ್ಚಿಕೊಂಡು ಬಂದಿ ಬೇ ಎಂದು ಕೇಳಿದ್ದನಂತೆ.

ಆರಿಸುವ ಕೆಲಸ ನಿಧಾನದ್ದು. ಚೌಕ ತುದಿಗೆ ಕೂರುವ ತೂತನ್ನು ಬೆಳಕಿಗೆ ಹಿಡಿದು ಮೂಲೆ ನೋಡುತ್ತಾರೆ. ತೋಳು ಉದ್ದವಿದ್ದರೆ ತಿರುವುವುದು ಹಗುರ, ಆದರೆ ಜಾರಿದರೆ ಪೆಟ್ಟು ದೊಡ್ಡದು. ಆಮೇಲೆ ಕಲ್ಲಿಗೆ ಬಡಿಯುತ್ತಾರೆ. “ಗಂಟಿ ಹಂಗ ಅಂದ್ರ ಬರೋಬರಿ. ಬೊಕ್ಕ ಅಂದ್ರ ಒಳಗ ಸೀಳೇತಿ. ಅದನ್ನ ಗುಜರಿಯಾಂವಗ ವಾಪಸ್ ಕೊಡಬೇಕು, ನಮ್ಮನಿ ಅಟ್ಟಕ್ಕ ಅಲ್ಲ.”

ಈ ಕೆಲಸಕ್ಕೆ ಪಗಾರವಿಲ್ಲ. ಸುಗ್ಗಿಯಲ್ಲಿ ಎರಡೂ ಊರವರು ಜೋಳ ಅಳೆದು ಕೊಡುತ್ತಾರೆ, ಕೆಲವರು ಉಳ್ಳಾಗಡ್ಡಿ ಕೊಡುತ್ತಾರೆ. ಪಾಳಿಯಿಲ್ಲದ ದಿನ ಲಾಲಬಿ ಕಳೆ ತೆಗೆಯಲು ಕೂಲಿಗೆ ಹೋಗುತ್ತಾರೆ. ಅದರಲ್ಲೂ ಒಂದು ವಾರ ಮೇಲಿನೂರು, ಒಂದು ವಾರ ತುದಿಯೂರು. ಮದುವೆಯ ಊಟಕ್ಕೆ ಹೋದರೂ ಲೆಕ್ಕ ಹಿಡಿಯುವವರಿದ್ದಾರೆ.

ಈ ವರ್ಷ ಆ ಲೆಕ್ಕ ತಪ್ಪಿದೆ. ಲಾಲಬಿಯ ತಾಯಿಯ ಹೆಸರಿನಲ್ಲಿದ್ದ ಹೊಲವನ್ನು ಪಾಲು ಮಾಡುವಾಗ ಅಣ್ಣ ಕುತುಬುದ್ದೀನ ತಂಗಿಗೂ ಎರಡೆಕರೆ ಬರೆಸಿದರು. ಯಾರೂ ಕೇಳಿರಲಿಲ್ಲ. ಈ ಭಾಗದಲ್ಲಿ ತಂಗಿಯರು ಕೇಳುವುದೂ ಕಡಿಮೆ, ಅಣ್ಣಂದಿರು ಕೊಡುವುದು ಇನ್ನೂ ಕಡಿಮೆ. ಜೊತೆಗೆ, ಪ್ರತಿ ಪಾಳಿಗೂ ತಂಗಿಯ ಸೊಂಟ ಹಿಡಿಯುವುದನ್ನು ನೋಡಲಾರದೆ, ಬೆಟಗೇರಿಯ ವೆಲ್ಡಿಂಗ್ ಅಂಗಡಿಯಲ್ಲಿ ಆ ಸವೆದ ಚೌಕದ ಅಳತೆಗೇ ಒಂದು ಹೊಸ ಹ್ಯಾಂಡಲ್ ಮಾಡಿಸಿ ತಂದುಕೊಟ್ಟರು. ಹೊಲ ತುದಿಯೂರಿನಲ್ಲಿದೆ, ಇದೇ ಕಾಲುವೆಯ ಕೆಳಗೆ. ಲಾಲಬಿ ಆ ದಿನ ಅತ್ತರು. ಯಾಕೆ ಎಂದು ಅಣ್ಣನಿಗೆ ತಿಳಿಯಲಿಲ್ಲ.

ಗಂಡ ಹೆಂಡತಿ ಮನೆಯಲ್ಲಿ ಉರ್ದು ಆಡುತ್ತಾರೆ, ಆದರೆ ಈ ವಿಷಯಕ್ಕೆ ಈಗ ಯಾವ ಭಾಷೆಯೂ ಇಲ್ಲ. ಮಕ್ತುಮಸಾಬರು ಅಂಗಡಿಯಲ್ಲಿ ಎಡಗೈಯಿಂದ ಟ್ಯೂಬಿಗೆ ಪ್ಯಾಚ್ ಒತ್ತುತ್ತ, ಒಳಗಿರುವ ಹೆಂಡತಿಗೆ ಕೇಳುವ ಹಾಗೆ ಹೊರಗಿನವರ ಮುಂದೆ ಕನ್ನಡದಲ್ಲಿ ಹೇಳುತ್ತಾರೆ: “ನನ್ನ ಕೈ ಹೋತು ಆ ಗೇಟಿಗೆ. ಈಗ ಹೊಲಾನೂ ಅದಕ್ಕ ಕೊಡಬೇಕೇನು?”

ಹಿಂದಿನ ಪಾಳಿಯವರೆಗೆ ಬಳಸುತ್ತಿದ್ದ ಹ್ಯಾಂಡಲ್ ಬಿರುಕುಬಿಟ್ಟಿದೆ. ಅದಕ್ಕೇ ಇವತ್ತು ಕಟ್ಟೆಯ ಮೇಲೆ ಇಡೀ ಚೀಲ ಬಿದ್ದಿದೆ. ಲಾಲಬಿ ಒಂದೊಂದನ್ನೇ ಎತ್ತಿ ಬಡಿಯುತ್ತಾರೆ, ಚೌಕಕ್ಕೆ ಹಿಡಿದು ನೋಡಿ ಕೆಳಗಿಡುತ್ತಾರೆ. ಹಸಿರು ಬಟ್ಟೆಯಲ್ಲಿ ಸುತ್ತಿದ ಒಂದನ್ನು ಮಾತ್ರ ಮುಟ್ಟುವುದಿಲ್ಲ. ಅದರೊಳಗಿರುವುದು ತುದಿಯೂರಿನ ಅಣ್ಣ ಕೊಟ್ಟದ್ದು, ಅದನ್ನು ಹಿಡಿದರೆ ತವರಿನ ಪಕ್ಷ ಎಂಬ ಮಾತು ಬರುತ್ತದೆ ಎಂದು ಎರಡೂ ದಂಡೆಗೆ ಗೊತ್ತು.

“ಹೊಲಾ ಬಂದೈತಂತ ನಿನಗ,” ಎನ್ನುತ್ತಾರೆ ಮೇಲಿನೂರಿನ ಹುಚ್ಚಪ್ಪ. ಕಟ್ಟೆಗೆ ತಾಗಿಯೇ ಅವರ ಉಳ್ಳಾಗಡ್ಡಿ ಹೊಲ. “ಇನ್ನ ಈ ಚೀಲಾ ಯಾಕ ಹೊರತಿ? ಕರಾರು ಕರಾರ.”

ಆಚೆ ದಂಡೆಯಿಂದ ತುದಿಯೂರಿನ ಸಾವಕ್ಕ ಉತ್ತರಿಸುತ್ತಾರೆ. “ನಿನ್ನ ಉಳ್ಳಾಗಡ್ಡಿ ನೀರಾಗ ಈಸಾಡಾಕ ಹತ್ಯಾವ. ನಮ್ಮ ಮೆಣಸಿನಗಿಡ ನೆಲಾ ನೋಡಾಕ ಹತ್ಯಾವ. ಕರಾರು ಆಮ್ಯಾಲ ಓದೋಣಂತ, ಮೊದಲ ಗೇಟು ಏಳಲಿ.”

ಲಾಲಬಿ ರಾಶಿಯತ್ತ ಬಗ್ಗುತ್ತಾರೆ. ಶಿರಹಟ್ಟಿಯ ಎಂಜಿನ್ ಹ್ಯಾಂಡಲ್ ಆರಿಸುತ್ತಾರೆ. ಅದರ ತೂತು ಸ್ವಲ್ಪ ದೊಡ್ಡದು, ಸಡಿಲ ತುಂಬಲು ತಗಡಿನ ತುಂಡೊಂದನ್ನು ಮಡಚಿ ಒಳಗೆ ಸೇರಿಸುತ್ತಾರೆ. ಮೊದಲು ಮೇಲಿನೂರಿನ ಗೇಟು ಇಳಿಸುತ್ತಾರೆ. ಅದರ ಚೌಕ ಇನ್ನೂ ಗಟ್ಟಿಯಾಗಿರುವುದರಿಂದ ಅದು ತಕರಾರಿಲ್ಲದೆ ಇಳಿಯುತ್ತದೆ. ತುದಿಯೂರಿನವರು ತಕ್ಷಣ ಬಂದು ಆ ಗೇಟಿನ ಮುಂದೆ ಸಾಲಾಗಿ ನಿಲ್ಲುತ್ತಾರೆ, ಮತ್ತೆ ಯಾರೂ ಎತ್ತದ ಹಾಗೆ.

ತುದಿಯೂರಿನ ಗೇಟು ಒಂದು ಗೇಣು ಏರುತ್ತದೆ, ಅಷ್ಟೇ. ತಗಡು ಜಾರಿ ನೀರಿಗೆ ಬೀಳುತ್ತದೆ. ಹ್ಯಾಂಡಲ್ ಚೌಕದ ಸುತ್ತ ಬೋಳಾಗಿ ತಿರುಗುತ್ತದೆ. ಲಾಲಬಿಯ ಬೆರಳುಗಳು ಬಿಟ್ಟುಕೊಳ್ಳುತ್ತವೆ, ಹ್ಯಾಂಡಲ್ ಕಲ್ಲಿಗೆ ಬಡಿದು ಕಿಡಿ ಹಾರುತ್ತದೆ. ಮತ್ತೊಂದು ತಗಡು, ಮತ್ತೊಂದು ಪ್ರಯತ್ನ. ಈ ಸಲ ಕಬ್ಬಿಣ ಕಬ್ಬಿಣವನ್ನು ತಿನ್ನುವ ಸದ್ದು ಬರುತ್ತದೆ. ಲಾಲಬಿ ಕೈ ತೆಗೆಯುತ್ತಾರೆ. ಇನ್ನೊಮ್ಮೆ ಜಾರಿದರೆ ಚೌಕದ ಮೂಲೆಗಳು ಹೋಗಿ ಅದು ದುಂಡಾಗುತ್ತದೆ. ಆಮೇಲೆ ಯಾವ ಹ್ಯಾಂಡಲ್ಲಿಗೂ ಅದು ಸಿಗುವುದಿಲ್ಲ. ಗದಗಿನಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ ತುದಿಯೂರಿನ ಪಾಳಿ ಮುಗಿದಿರುತ್ತದೆ.

ಒಂದು ಗೇಟು ಮುಚ್ಚಿದೆ, ಇನ್ನೊಂದು ಅರ್ಧವೂ ತೆರೆದಿಲ್ಲ. ಹಿಂದಿನಿಂದ ಬರುವ ನೀರಿಗೆ ಇದು ಗೊತ್ತಿಲ್ಲ. ಅದು ಬರುತ್ತಲೇ ಇದೆ. ಕಟ್ಟೆಯ ಬುಡದ ಕಲ್ಲುಗಳು ಒಂದೊಂದಾಗಿ ಮುಳುಗುತ್ತವೆ. ದಂಡೆ ತಗ್ಗಾಗಿರುವುದು ಮೇಲಿನೂರಿನ ಕಡೆ. ಅಲ್ಲಿ ಇಲಿ ತೋಡಿದ ತೂತೊಂದರಿಂದ ನೀರು ಮೊದಲು ಬೆವರಿನ ಹಾಗೆ, ಆಮೇಲೆ ದಾರದ ಹಾಗೆ ಹುಚ್ಚಪ್ಪನವರ ಹೊಲಕ್ಕೆ ಇಳಿಯುತ್ತದೆ. ಹುಚ್ಚಪ್ಪ ಆ ದಾರವನ್ನು ನೋಡುತ್ತಾರೆ. ಮುಚ್ಚಿದ ಗೇಟಿನ ಮುಂದೆ ನಿಂತ ಜನರನ್ನು ನೋಡುತ್ತಾರೆ. ಲಾಲಬಿಯನ್ನು ನೋಡುತ್ತಾರೆ. ಲಾಲಬಿ ಹಸಿರು ಬಟ್ಟೆಯನ್ನು ನೋಡುತ್ತಿಲ್ಲ. 

ಹುಚ್ಚಪ್ಪ ಕಟ್ಟೆ ಹತ್ತಿ ಬರುತ್ತಾರೆ. ಬಗ್ಗಿ, ಆ ಬಟ್ಟೆಯನ್ನು ತಾವೇ ಬಿಚ್ಚುತ್ತಾರೆ. ಹೊಸ ಹ್ಯಾಂಡಲ್ಲನ್ನು ಕಲ್ಲಿಗೆ ಒಮ್ಮೆ ಬಡಿಯುತ್ತಾರೆ. ಅದು ಗಂಟೆಯ ಹಾಗೆ ನುಡಿಯುತ್ತದೆ.

“ತಗೋ,” ಎನ್ನುತ್ತಾರೆ ಸಣ್ಣ ದನಿಯಲ್ಲಿ. “ನಿಮ್ಮಣ್ಣ ಚಲೋ ಮಾಡಿಸ್ಯಾನ.”

ಹ್ಯಾಂಡಲ್ ಚೌಕಕ್ಕೆ ಹೋಗಿ ಕೂರುತ್ತದೆ. ಲಾಲಬಿ ಹೆಬ್ಬೆರಳು ಸುತ್ತದೆ ಹಿಡಿದು, ಇಡೀ ಮೈಯನ್ನು ಅದಕ್ಕೆ ಕೊಟ್ಟು ತಿರುವುತ್ತಾರೆ. ಗೇಟು ನರಳುತ್ತ ಮೇಲೇರುತ್ತದೆ. ಗೇಟಿನ ಸಲಾಕೆಗೆ ಬಳಿದ ಕೆಂಪು ಬಣ್ಣದ ಗುರುತು ಎಲ್ಲರಿಗೂ ಕಾಣುವಂತೆ ಹೊರಬಂದ ಕೂಡಲೇ ನಿಲ್ಲಿಸುತ್ತಾರೆ. ಎಂದಿನ ಕರಾರಿನಷ್ಟೇ, ಒಂದು ನೂಲೂ ಹೆಚ್ಚಿಲ್ಲ. ಹುಚ್ಚಪ್ಪ ಬಗ್ಗಿ ಆ ಗುರುತನ್ನು ನೋಡಿ, ಹಸಿಮಣ್ಣು ತಂದು ಇಲಿಯ ತೂತು ಮುಚ್ಚಲು ಹೋಗುತ್ತಾರೆ. ಹೋಗುವ ಮುಂಚೆ ತಿರುಗಿ ಹೇಳುತ್ತಾರೆ, ಇವತ್ತಿನ ಮಾತು ಇವತ್ತಿಗೆ, ಬರುವ ಪಾಳಿಯೊಳಗೆ ಹೊಲವೋ ಹ್ಯಾಂಡಲ್ಲೋ ಒಂದು ತಿಳಿಸಬೇಕು ಎಂದು.

ಲಾಲಬಿ ನೀರಿನ ಜೊತೆ ತುದಿಯೂರಿನ ಕಡೆ ನಡೆಯುತ್ತಾರೆ. ನೀರು ಕೊನೆಯವರೆಗೆ ಮುಟ್ಟಿತೋ ಇಲ್ಲವೋ ನೋಡಿ ಬರುವುದೂ ಅವರ ಕೆಲಸ. ದಾರಿಯಲ್ಲಿ ಅಂಗೈಯ ಕೆಂಪು ಗೆರೆಯನ್ನು ಉಜ್ಜಿಕೊಳ್ಳುತ್ತಾರೆ. “ಚಲೋದು ಕಾಲಾಗ ಇಟಗೊಂಡು ಕೆಟ್ಟದ್ದು ತಗೊಂಡ್ನಿ. ಜನಾ ಏನಂದಾರು ಅಂತ. ಗೇಟಿಗೆ ಜನಾ ಎಲ್ಲಿ ಗೊತ್ತದರಿ? ಇನ್ನೊಂಚೂರು ಆಗಿದ್ರ ಎರಡೂ ಊರು ಮುಳಗಸ್ತಿದ್ನಿ, ನನ್ನ ಹೆಸರು ಉಳಿಸಿಕೊಳ್ಳಾಕ.”

ತುದಿಯಲ್ಲಿ ಸಾವಕ್ಕ ಮುಂಚೆಯೇ ಬಂದು ಗುದ್ದಲಿ ಹಿಡಿದು ಕಾಯುತ್ತಿದ್ದಾರೆ. ನೀರು ಅವರ ಮೆಣಸಿನ ಸಾಲಿಗೆ ತಿರುಗುತ್ತದೆ. ಅದಕ್ಕೂ ಮುಂಚೆ ನೀರು ದಾಟಿ ಬಂದ ಎರಡೆಕರೆಯ ಕರಿಮಣ್ಣಿನ ಹೊಲ ಒಣಗಿ ಬಿರುಕುಬಿಟ್ಟಿದೆ. ಕಾಲುವೆಯ ನೀರು ಅದಕ್ಕೆ ಇಳಿಯದ ಹಾಗೆ ಅದರ ಬಾಯಿಗೆ ಕಲ್ಲುಗಳನ್ನು ಒತ್ತಾಗಿ ಜೋಡಿಸಿ, ನಡುವೆ ಮಣ್ಣು ಮೆತ್ತಿದೆ. ಮಣ್ಣಿನ ಮೇಲೆ ಬೆರಳಚ್ಚುಗಳು ಹಾಗೇ ಇವೆ. ಹೆಣ್ಣು ಕೈಯ ಬೆರಳಚ್ಚು. ಯಾರ ಹೊಲ ಎಂದು ಕೇಳಬೇಕಾಗಿಲ್ಲ.

ಅಣ್ಣ ಇದನ್ನು ನೋಡಿ ಎರಡು ದಿನ ಊಟ ಮಾಡಲಿಲ್ಲ ಎನ್ನುತ್ತಾರೆ ಲಾಲಬಿ. ಗಂಡ ಇನ್ನೂ ನೋಡಿಲ್ಲ. ಅವ್ವನ ಪಾಲನ್ನು ಲಾಲಬಿ ಬಿಡುವುದಿಲ್ಲ. ಆದರೆ ಹ್ಯಾಂಡಲ್ಲನ್ನು ಹೊಲವಿದ್ದವರ ಕೈಗೆ ಕೊಟ್ಟರೆ ಮತ್ತೆ ಪೈಪು, ಪಾನಾ, ಬಡಿದಾಟ. ಹೊಲವಿಲ್ಲದ ಮನೆಗಳಿಗೆ ಅವರೇ ಹೋಗಿ ಕೇಳಿದ್ದಾರೆ. ಮಕ್ತುಮಸಾಬರ ಕೈ ನೋಡಿದವರು ಯಾರೂ ಒಪ್ಪಿಲ್ಲ. ಬರುವ ಪಾಳಿಗೆ ಎರಡೂ ಊರನ್ನು ಇಲ್ಲಿಗೆ ಕರೆತಂದು, ಈ ಮುಚ್ಚಿದ ಬಾಯಿ ತೋರಿಸಿ, ಇದು ನಿಮ್ಮ ಕರಾರಿಗೆ ಸಾಲುತ್ತದೋ ಇಲ್ಲವೋ ಹೇಳಿ ಎಂದು ಕೇಳಬೇಕೆಂದಿದ್ದಾರೆ. ಸಾಲದು ಎಂದರೆ ಏನು ಮಾಡುವುದೆಂದು ಅವರಿಗೂ ಗೊತ್ತಿಲ್ಲ.

ಸೆರಗಿನ ಗಂಟು ಬಿಚ್ಚಿ ಲಾಲಬಿ ಬಳೆ ತೊಡುತ್ತಾರೆ. ಕಣ್ಣು ಕಲ್ಲುಗಳ ಮೇಲಿದೆ.

“ಹೊಲಾ ಇಲ್ಲದವರು ಯಾರರ ಒಬ್ಬರು ಬರಲಿ, ಹೆಬ್ಬಟ್ಟು ಸುತ್ತದಂಗ ಹಿಡಿಯಾಕ ಕಲಸ್ತೀನಿ. ಆವತ್ತ ಈ ಕಲ್ಲು ನಾನ ಕೀಳ್ತೀನಿ. ಅಲ್ಲೀತನಕ ನನ್ನ ಹೊಲಾ ಮಳಿ ದಾರಿ ನೋಡ್ಲಿ.”