ಬಟ್ಟಲಿನ ಬುಡ ನೋಡುತ್ತಿದ್ದ ಖಾಲಾ

ಪಿಂಗಾಣಿ ಬಟ್ಟಲು ಕೈಗೆ ಬಂದೊಡನೆ ಅವರು ಕನ್ನಡಕವನ್ನು ನೆತ್ತಿಗೇರಿಸಿ, ಬಟ್ಟಲನ್ನು ಬೋರಲು ಹಾಕಿ, ಮೆಹಂದಿ ಮಾಸಿದ ಹೆಬ್ಬೆರಳನ್ನು ಬುಡದ ಅಂಚಿನ ಸುತ್ತ ಮೆಲ್ಲಗೆ ಓಡಿಸುತ್ತಿದ್ದರು. ಮೇಲಿನ ನೀಲಿ ಹೂಬಳ್ಳಿಯ ಕಡೆ ಆಗ ಕಣ್ಣೂ ಹಾಯಿಸುತ್ತಿರಲಿಲ್ಲ. "ಮಾರಿ ಚಂದ ಮಾಡೋದು ಹಗೂರ ಅದ ಬೇಟಿ. ಬುಡ ಯಾರೂ ನೋಡಂಗಿಲ್ಲ ಅಂತ ನಕಲಿ ಮಾಡೋರು ಅಲ್ಲೇ ಸಿಕ್ಕೊಂಬೀಳ್ತಾರ," ಎನ್ನುತ್ತಿದ್ದರು.

ಆಳಂದದಲ್ಲಿ ನಮ್ಮ ಪಕ್ಕದ ಮನೆಯವರು. ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನನಗೆ ಖಾಲಾ, ಅಂದರೆ ಚಿಕ್ಕಮ್ಮ. ತವರಿನಿಂದ ಬಂದ ಹಳೆಯ ಚೀನಾ ಪಿಂಗಾಣಿಯ ಒಂದು ತಟ್ಟೆಯಿಂದ ಶುರುವಾದ ಹುಚ್ಚು ಗೋಡೆಯ ಕಪಾಟನ್ನೇ ತುಂಬಿತ್ತು. ಯಾರೋ ಹಳೆಮನೆ ಕೆಡವುತ್ತಾರೆಂದು ಸುದ್ದಿ ಬಂದರೆ ಸಾಕು, ಹಿರೋಳ್ಳಿಯಾಗಲಿ ಅಫಜಲಪುರವಾಗಲಿ, ಬಸ್ಸು ಹತ್ತುತ್ತಿದ್ದರು. ಹಿಂದೆ ನಾನು.

ಒಮ್ಮೆ ಜೇವರ್ಗಿಯ ಹೆದ್ದಾರಿ ಬದಿಯ ಹಳೆಸಾಮಾನಿನ ಅಂಗಡಿಯಿಂದ ತಟ್ಟೆಯೊಂದನ್ನು ತಂದರು. ಬುಡದಲ್ಲಿ ಕಂದು ಕಲೆ, ಮೈಮೇಲೆ ಸವೆತ, ಎಲ್ಲ ಹಳೆಯದರಂತೆಯೇ ಇತ್ತು. ಮನೆಯಲ್ಲಿ ಬಿಸಿನೀರಿಗೆ ಹಾಕಿದರೆ ಕಲೆ ಬಿಟ್ಟು ನೀರು ಕೆಂಪಾಯಿತು. ಖಾಲಾ ಮೂಸಿ ನೋಡಿ ಜೋರಾಗಿ ನಕ್ಕರು. "ತಾಟಿಗೆ ಚಹಾ ಕುಡಿಸ್ಯಾನ!"

ಮರುದಿನ ನನ್ನನ್ನೂ ಕರೆದುಕೊಂಡು ಮತ್ತೆ ಜೇವರ್ಗಿಗೆ ಹೊರಟರು. ಜಗಳ ಖಂಡಿತ ಎಂದುಕೊಂಡೆ. ತಟ್ಟೆ ಕಂಡೊಡನೆ ಅಂಗಡಿಯವನು, "ತಪ್ಪಾತ್ರಿ ಅಮ್ಮಾ, ವಾಪಸ್ ತಗೋತೇನಿ," ಎಂದ.

"ವಾಪಸ್ ಕೊಡಾಕ ಯಾರು ಬಂದಾರ? ಹ್ಯಾಂಗ ಮಾಡ್ದಿ, ಅದು ಹೇಳು," ಎಂದು ಖಾಲಾ ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು.

ಅವನು ಮೊದಲು ತಡವರಿಸಿದ. ಇವರು ಕೇಳಿದ ರೀತಿಗೆ ಆಮೇಲೆ ಅವನಿಗೇ ಹುರುಪು ಬಂತು. ಗಟ್ಟಿ ಚಹಾ ಡಿಕಾಕ್ಷನ್‌ನಲ್ಲಿ ನೆನೆಸುವುದು, ಹೊಳಪು ತೆಗೆಯಲು ಸ್ಯಾಂಡ್‌ಪೇಪರ್ ಉಜ್ಜುವುದು, ಎಲ್ಲ ಮಾಡಿ ತೋರಿಸಿದ. ಖಾಲಾ ತಟ್ಟೆಯನ್ನು ಬಿಸಿಲಿಗೆ ಓರೆ ಹಿಡಿದು ನನ್ನನ್ನು ಕರೆದರು. "ನೋಡು, ಗೆರಿ ಎಲ್ಲಾ ಒಂದೇ ಕಡೆ ಓಡ್ಯಾವ. ಮಂದಿ ಉಂಡು ಉಂಡು ಸವದಿದ್ರ ಹ್ಯಾಂಗ ಬೇಕೋ ಹಂಗ ಬಿದ್ದಿರ್ತಿದ್ವು." ಮೋಸ ಹೋಗಿ ಬಂದವರು ಹಬ್ಬದೂಟ ಮಾಡಿದವರ ಹಾಗೆ ಮನೆಗೆ ಮರಳಿದರು.

ಕೊನೆಕೊನೆಗೆ ಸಕ್ಕರೆ ಕಾಯಿಲೆ ಅವರ ಕಣ್ಣು ತೆಗೆದುಕೊಂಡಿತು. ಆಗ ನಾನೊಬ್ಬಳೇ ಅಫಜಲಪುರಕ್ಕೆ ಹೋಗಿ ನೀಲಿ ಮೀನುಗಳಿದ್ದ ಬಟ್ಟಲೊಂದನ್ನು ತಂದೆ. ಅದು ಹಳೆಯದೇ ಆಗಿರಲೆಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ಖಾಲಾ ಅದನ್ನು ಬಹಳ ಹೊತ್ತು ಸವರಿ, ನನ್ನ ಕೈಗೇ ಇಟ್ಟರು.

"ನೀ ಏನಂತಿ?"

"ಹಳೇದ ಇರಬೇಕ್ರಿ ಖಾಲಾ."

"ಅದು ನಿನ್ನ ಆಸೆ ಮಾತಾಡಾಕತ್ತದ. ಬೆರಳು ಏನಂತದ?"

ಬುಡ ಸವರಿದೆ. ಹಳೆಯದಾಗಿದ್ದರೆ ಒರಟಾಗಿರಬೇಕಿದ್ದ ಅಂಚು ಬೆರಳಿಗೆ ಎಲ್ಲಿಯೂ ತಡೆಯಲಿಲ್ಲ, ಯಂತ್ರದಲ್ಲಿ ತಿರುವಿದಷ್ಟು ನಯ. "ಹೊಸಾದ್ರಿ," ಎಂದೆ.

ಅವರ ಮುಖ ಅರಳಿತು. "ಶಾಬಾಸ್. ಇನ್ನ ನೀ ಒಬ್ಬಾಕಿನೇ ಹೋಗಬಹುದು."

ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಮೀನಿನ ಬಟ್ಟಲಿನಲ್ಲಿ ಈಗ ಮೊಸರು ಹೆಪ್ಪು ಹಾಕುತ್ತೇನೆ. ಹಳೆಯದಲ್ಲವೆಂದು ಗೊತ್ತಿದ್ದೂ ಅದು ಚೆಂದವೇ ಕಾಣುತ್ತದೆ. ಹಾಗೆ ನೋಡುವುದನ್ನೂ ಅವರೇ ಕಲಿಸಿದ್ದು.